ಬೆಂಕಿ ಆರಿತು, ನಮ್ಮ ಮನೆ ಉಳಿಯಿತು. ಆಲ್ಟಡೀನಾಗೆ ಈಗಲೇ ವಾಪಸ್ ಹೋಗಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. 2025ರ ಜನವರಿ 7ರ ರಾತ್ರಿ ಲಾಸ್ ಏಂಜಲೀಸ್ ಪಕ್ಕದ ನಮ್ಮ ಆಲ್ಟಡೀನಾಗೆ ಈಟನ್ ಅನ್ನುವ ಕಾಡ್ಗಿಚ್ಚು ಬಂದಾಗ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟವರಲ್ಲಿ ನಾವೂ ಇದ್ದೇವೆ. ಸದ್ಯ ಅರ್ವೈನ್‌ನಲ್ಲಿ ಗೆಳೆಯರ ಮನೆಯಲ್ಲಿದ್ದೇವೆ. ದೇವರ ದಯೆ, ಆಲ್ಟಡೀನಾದ ನಮ್ಮ ಮನೆ ನಿಂತಿದೆ. ಎದುರು ಸಾಲಿನಲ್ಲಿ ಒಂದೂ ಉಳಿದಿಲ್ಲ. ನಮ್ಮ ಬೀದಿಯವರು ಇನ್ನು ವಾಪಸ್ ಹೋಗಬಹುದು ಅಂತ ಅಧಿಕಾರಿಗಳು ಹೇಳಿದ್ದಾರೆ.

ನಮ್ಮ ಯಜಮಾನರು ಒಬ್ಬರೇ ಹೋಗಿ ನೋಡಿ ಬಂದರು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದಂತೆ. ಒಳಗೆ ಕಾಲಿಟ್ಟರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕಿಟಕಿ ಪಟ್ಟಿ, ದೇವರ ಮಂಟಪ, ಮಗನ ಮಂಚ, ಎಲ್ಲದರ ಮೇಲೂ ಬೂದಿ. ಕಿಟಕಿ ಬಾಗಿಲು ಎಲ್ಲ ಮುಚ್ಚೇ ಇತ್ತು! ನಲ್ಲಿ ನೀರು ಕುಡಿಯಬೇಡಿ ಅಂತ ನೀರಿನ ಕಂಪನಿಯಿಂದ ಇಮೇಲ್ ಬೇರೆ ಬಂದಿದೆ.

ಮನೆಯಲ್ಲಿ ನಾಲ್ಕು ವರ್ಷದ ಮಗ ಇದ್ದಾನೆ. ಶಿವಮೊಗ್ಗದಿಂದ ಅತ್ತೆ ಬಂದಿದ್ದಾರೆ. "ಎಲ್ಲರೂ ಸೇರಿ ಒಂದು ದಿನ ಗುಡಿಸಿ ಒರೆಸಿದರೆ ಮುಗೀತು, ಎಷ್ಟು ದಿನ ಅಂತ ಬೇರೆಯವರ ಮನೆಯಲ್ಲಿ ಇರೋದು" ಅನ್ನುತ್ತಾರೆ. ಅವರಿಗೂ ಮುಜುಗರ, ಪಾಪ. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ. ಈ ಶನಿವಾರ ಎಲ್ಲರೂ ಹೋಗಬಹುದಾ?

ಹಳೇಸೇತುವೆ

ನಾನು ಕೊಲರಾಡೋದ ಲೂಯಿವಿಲ್‌ನವನು. 2021ರ ಡಿಸೆಂಬರ್ 30ರಂದು ನಮ್ಮ ಕಡೆ ಮಾರ್ಷಲ್ ಬೆಂಕಿ ಬಂತು. ಒಂದೇ ದಿನದಲ್ಲಿ ಸಾವಿರಕ್ಕೂ ಜಾಸ್ತಿ ಮನೆ ಹೋದವು. ನಮ್ಮದೂ ನಿಮ್ಮದರ ಹಾಗೇ ಉಳಿದ ಮನೆ.

ಶನಿವಾರ ಎಲ್ಲರೂ ಬೇಡ. ದೊಡ್ಡವರಿಬ್ಬರು ಹೋಗಿ. ಮಗ, ಅತ್ತೆ ಅರ್ವೈನ್‌ನಲ್ಲೇ ಇರಲಿ. ಗರ್ಭಿಣಿಯರು, ಉಬ್ಬಸ ಇರುವವರು, ಹೃದಯದ ತೊಂದರೆ ಇರುವವರು ಯಾರೇ ಆದರೂ ಮನೆ ಸ್ವಚ್ಛ ಆಗುವ ತನಕ ಅತ್ತ ಹೋಗಬಾರದು. ಹೋಗಬಹುದು ಅಂತ ಅಧಿಕಾರಿಗಳು ಹೇಳಿದ್ದು ರಸ್ತೆಯ ಲೆಕ್ಕದಲ್ಲಿ. ಬೀದಿಯಲ್ಲಿ ಬೆಂಕಿ ಇಲ್ಲ, ತಂತಿ ಬಿದ್ದಿಲ್ಲ, ವಾಹನ ಓಡಾಡಬಹುದು, ಅಷ್ಟೇ. ನಿಮ್ಮ ಮಗನ ಕೋಣೆಯನ್ನು ಯಾರೂ ಬಂದು ನೋಡಿಲ್ಲ.

ಬೆಳಕಿರುವಾಗ ಹೋಗಿ. ಬಾಗಿಲು ತೆಗೆಯುವ ಮುಂಚೆ ಮನೆಯನ್ನು ಒಂದು ಸುತ್ತು ಹಾಕಿ. ಗ್ಯಾಸ್ ವಾಸನೆ ಬಂತಾ? ಸ್ವಿಚ್ ಮುಟ್ಟಬೇಡಿ, ಅಲ್ಲಿ ನಿಂತು ಫೋನೂ ಮಾಡಬೇಡಿ. ದೂರ ಹೋಗಿ ಆಮೇಲೆ ಗ್ಯಾಸ್ ಕಂಪನಿಗೆ ಕರೆ ಮಾಡಿ. ಮೀಟರ್ ಹತ್ತಿರ ಗ್ಯಾಸ್ ಬಂದ್ ಮಾಡಿದ್ದರೆ ಅದನ್ನು ನೀವೇ ತಿರುಗಿಸಿ ಹಾಕಿಕೊಳ್ಳುವ ಹಾಗಿಲ್ಲ. ಕಂಪನಿಯವರು ಬಂದು ಪರೀಕ್ಷೆ ಮಾಡಿ ಪೈಲಟ್ (ಹೀಟರಿನ ಒಳಗಿನ ಸಣ್ಣ ಜ್ವಾಲೆ) ಹಚ್ಚಿಕೊಟ್ಟು ಹೋಗಬೇಕು. ಕರೆಂಟ್ ಕೂಡ ಹಾಗೇ. ಮೇನ್ ಬಾಕ್ಸ್ ಹತ್ತಿರ ಕರಕಲು, ಕರಗಿದ ವೈರ್ ಕಂಡರೆ ಎಲೆಕ್ಟ್ರಿಷಿಯನ್ ಬರುವ ತನಕ ಮೇನ್ ಹಾಕಬೇಡಿ. ಚಾವಣಿ ಮೇಲೆ ಸೋಲಾರ್ ಇದ್ದರೆ ಇನ್ನೂ ಎಚ್ಚರ. ಮೇನ್ ಬಂದ್ ಇದ್ದರೂ ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಹಿತ್ತಲಲ್ಲಿ ನೆಲ ನೋಡಿಕೊಂಡು ನಡೆಯಿರಿ. ಸುಟ್ಟ ಮರದ ಬೇರು ಮಣ್ಣಿನ ಒಳಗೇ ವಾರಗಟ್ಟಲೆ ಕನಲುತ್ತಾ ಇರುತ್ತದೆ. ಮೇಲೆ ತೆಳ್ಳಗೆ ಬೂದಿ, ಕೆಳಗೆ ಟೊಳ್ಳು ಗುಂಡಿ, ಗುಂಡಿಯೊಳಗೆ ಕೆಂಡ. ಕಾಲಿಟ್ಟರೆ ಮೊಣಕಾಲಿನ ತನಕ ಹೋಗುತ್ತದೆ. ಮರದ ಬುಡ ಬಿಳಿ ಬೂದಿಯಾಗಿದ್ದರೆ ಅದರ ಹತ್ತಿರವೇ ಸುಳಿಯಬೇಡಿ. ಮೇಲೆ ಹಸಿರು ಕಂಡರೂ ಗಾಳಿ ಇಲ್ಲದೆಯೇ ಕೊಂಬೆ ಮುರಿದು ಬೀಳಬಹುದು.

ನಿಮಗೆ ಮೂರು ವಾರ ಕಳೆದಿದೆ, ಹಾಗಾಗಿ ಅಟ್ಟದಲ್ಲಿ ಕಿಡಿ ಉಳಿದಿರುವ ಭಯ ಕಡಿಮೆ. ಬೆಂಕಿಯಾದ ಒಂದೆರಡು ದಿನಕ್ಕೇ ವಾಪಸ್ ಹೋಗುವವರು ಅಟ್ಟ, ಸೂರಿನ ದೋಣಿ, ಡೆಕ್‌ನ ಅಡಿ, ಸೌದೆ ರಾಶಿ ಎಲ್ಲವನ್ನೂ ಆಗಾಗ ನೋಡುತ್ತಿರಬೇಕು.

ಕಿಟಕಿ ಮುಚ್ಚಿದ್ದರೂ ಬೂದಿ ಹೇಗೆ ಬಂತು ಅಂದಿರಿ. ಆ ರಾತ್ರಿ ಗಾಳಿ ಗಂಟೆಗೆ 80 ಮೈಲಿಗೂ ಜಾಸ್ತಿ ಬೀಸಿದೆ. ಆ ರಭಸಕ್ಕೆ ಕಿಟಕಿಯ ಸಂದಿ, ಅಟ್ಟದ ಗಾಳಿಕಂಡಿ, ಸ್ನಾನದ ಮನೆ ಫ್ಯಾನಿನ ಕೊಳವೆ, ಸಿಕ್ಕ ಕಡೆಯಿಂದೆಲ್ಲ ನುಗ್ಗುತ್ತದೆ. ನಿಮ್ಮ ಮಂಟಪದ ಮೇಲೆ ಕೂತಿರುವುದು ಎದುರು ಮನೆಯವರ ಟಿವಿ, ಸೋಫಾ, ಕಾರು.

ನೀಲಿಕೊಡೆ

ಒಂದೇ ಮಾತು. ಏನನ್ನೂ ಮುಟ್ಟುವ ಮುಂಚೆ ಫೋಟೋ, ವಿಡಿಯೋ. ಪ್ರತಿ ಕೋಣೆ, ಪ್ರತಿ ಕಪಾಟು, ಫ್ರಿಜ್ಜಿನ ಹಿಂದೆ, ಅಟ್ಟದ ಇನ್ಸುಲೇಷನ್ (ಬಿಸಿ, ಚಳಿ ತಡೆಯುವ ಹಾಸು). ಕಿಟಕಿ ಪಟ್ಟಿಯ ಬೂದಿಯನ್ನು ಹತ್ತಿರದಿಂದ ತೆಗೆಯಿರಿ. ಒರೆಸಿದ ಮೇಲೆ ನಷ್ಟ ಅಳೆಯುವ ಇನ್ಶೂರೆನ್ಸ್ ಅಡ್ಜಸ್ಟರ್ ಬಂದರೆ "ಬೂದಿ ಎಲ್ಲಿ ಮೇಡಂ?" ಅಂತ ಕೇಳುತ್ತಾನೆ.

ಪುಳಿಯೋಗರೆ

ವಾಸನೆಗೆ ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹಾಕಿ, ಒಂದು ಪುಟ್ಟ ಗಣಹೋಮ ಮಾಡಿಸಿ. ಮನಸ್ಸಿಗೂ ಸಮಾಧಾನ. ಓಝೋನ್ ಮಷೀನ್ ಬಾಡಿಗೆಗೆ ಸಿಗುತ್ತದೆ, ಅದನ್ನೂ ಹಾಕಿದರೆ ವಾಸನೆ ಹೋಗುತ್ತದೆ ಅಂತ ಕೇಳಿದ್ದೇನೆ.

ಹಳೇಸೇತುವೆ

ಹೋಮ ಖಂಡಿತ ಮಾಡಿಸಲಿ, ಆದರೆ ಮನೆ ಸ್ವಚ್ಛ ಆದ ಮೇಲೆ. ಈಗಿರುವ ಹೊಗೆಗೆ ಇನ್ನೊಂದಿಷ್ಟು ಹೊಗೆ ಸೇರಿಸುವುದು ಯಾಕೆ? ಸಾಂಬ್ರಾಣಿ, ಊದುಬತ್ತಿ, ಕರ್ಪೂರ, ಮೇಣದಬತ್ತಿ ಎಲ್ಲ ಸದ್ಯಕ್ಕೆ ಬೇಡ. ದೇವರಿಗೆ ಹೂ ಇಟ್ಟು ಕೈಮುಗಿದರೆ ಸಾಕು. ಓಝೋನ್ ಅಂತೂ ಬೇಡವೇ ಬೇಡ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಒಳಗಿರುವ ಬೇರೆ ರಾಸಾಯನಿಕಗಳ ಜೊತೆ ಸೇರಿ ಹೊಸದನ್ನೂ ಹುಟ್ಟಿಸುತ್ತದೆ. ಬೂದಿಯಲ್ಲಿ ಸೀಸದಂಥ ವಿಷ ಲೋಹ ಇದ್ದರೆ ಅದಕ್ಕೆ ಏನೂ ಮಾಡುವುದಿಲ್ಲ.

ನಮ್ಮ ಕಡೆ ಕೊಲರಾಡೋ ವಿಶ್ವವಿದ್ಯಾಲಯದವರು ಉಳಿದ ಮನೆಗಳ ಒಳಗೆ ಉಪಕರಣ ಇಟ್ಟು ಗಾಳಿ ಅಳೆದರು. ಹೊಗೆಯ ಅನಿಲಗಳು ಗೋಡೆ, ಕಾರ್ಪೆಟ್, ಪರದೆಯಲ್ಲಿ ಸೇರಿಕೊಂಡು ಆಮೇಲೆ ನಿಧಾನಕ್ಕೆ ಹೊರಗೆ ಬರುತ್ತಾ ಇದ್ದವು. ಬಾಕ್ಸ್ ಫ್ಯಾನಿಗೆ ಇದ್ದಿಲಿನ ಫಿಲ್ಟರ್ ಕಟ್ಟಿ ಓಡಿಸಿದಾಗ ಕಡಿಮೆಯಾದವು, ನಿಲ್ಲಿಸಿದಾಗ ಮತ್ತೆ ಏರಿದವು. ಜನರನ್ನು ವಿಚಾರಿಸಿದಾಗ ಆರು ತಿಂಗಳಾದ ಮೇಲೂ ಅರ್ಧಕ್ಕಿಂತ ಜಾಸ್ತಿ ಮಂದಿ ಏನೋ ಒಂದು ತೊಂದರೆ ಹೇಳಿಕೊಂಡರು. ತಲೆನೋವೇ ಜಾಸ್ತಿ. ಹೊರಗೆ ಗಾಳಿ ಚೆನ್ನಾಗಿರುವ ದಿನ ಕಿಟಕಿ ತೆರೆದಿಡಿ. ಮಿಕ್ಕ ಹೊತ್ತು ಹೆಪಾ (ಅತಿ ಸಣ್ಣ ಕಣ ಹಿಡಿಯುವ ಫಿಲ್ಟರ್) ಜೊತೆಗೆ ಇದ್ದಿಲು ಫಿಲ್ಟರ್ ಇರುವ ಯಂತ್ರ ಓಡಿಸಿ.

ಫೋನಿನಲ್ಲಿ ಗಾಳಿಯ ಸೂಚ್ಯಂಕ ಹಸಿರು ತೋರಿಸಿತು ಅಂತ ನಿಶ್ಚಿಂತೆ ಆಗಬೇಡಿ. ಅದು ಸಣ್ಣ ಹೊಗೆ ಕಣ ಎಣಿಸುತ್ತದೆ. ಹಾರುವ ದಪ್ಪ ಬೂದಿ, ಸೀಸ, ಕಲ್ನಾರು (ಆಸ್ಬೆಸ್ಟಾಸ್) ಅದರ ಲೆಕ್ಕಕ್ಕೆ ಬರುವುದಿಲ್ಲ.

ಮೈಸೂರು ಪೇಟ

ಎಲ್ಲರೂ ಸೇರಿ ಆ ಹೆಣ್ಣುಮಗಳನ್ನು ಹೆದರಿಸುತ್ತಿದ್ದೀರಿ. ಸೌದೆ ಒಲೆ ಬೂದಿಯಲ್ಲಿ ಪಾತ್ರೆ ತಿಕ್ಕಿ, ಅದೇ ಬೂದಿಯಲ್ಲಿ ಹಲ್ಲುಜ್ಜಿ ಬೆಳೆದವರು ನಾವು. ಏನಾಯಿತು? ಅಮೆರಿಕದಲ್ಲಿ ಎಲ್ಲದಕ್ಕೂ ಒಂದು ಟೆಸ್ಟು, ಒಂದು ಕಾಂಟ್ರಾಕ್ಟರ್. ಬರೀ ದುಡ್ಡಿನ ಆಟ.

ಕೊಡಚಾದ್ರಿ ಗಾಳಿ

ಸರ್, ಒಲೆ ಬೂದಿ ಸೌದೆಯದ್ದು. ಆಲ್ಟಡೀನಾದ ಬೂದಿ ಊರಿನದ್ದು. 9,000ಕ್ಕೂ ಜಾಸ್ತಿ ಕಟ್ಟಡ ಸುಟ್ಟಿವೆ, ಅದರಲ್ಲಿ ಬಹಳಷ್ಟು ಹಳೇ ಮನೆಗಳು. 1978ಕ್ಕೆ ಮುಂಚಿನ ಮನೆ ಅಂದರೆ ಬಣ್ಣದಲ್ಲಿ ಸೀಸ ಇರಬಹುದು. ಹಳೇ ಚಾವಣಿ, ನೆಲಹಾಸು, ಪೈಪಿನ ಸುತ್ತಿನ ಪಟ್ಟಿಯಲ್ಲಿ ಕಲ್ನಾರು. ಅದರ ಮೇಲೆ ಇವತ್ತಿನ ಎಲೆಕ್ಟ್ರಿಕ್ ಕಾರು, ಗೋಡೆ ಬ್ಯಾಟರಿ, ಟಿವಿ, ಫ್ರಿಜ್ಜು. ಇದರಲ್ಲಿ ಪಾತ್ರೆ ತಿಕ್ಕುತ್ತೀರಾ? ಒದ್ದೆಯಾದರೆ ಈ ಬೂದಿ ಕ್ಷಾರದ ಹಾಗೆ ಚರ್ಮ ಸುಡುತ್ತದೆ.

ದುಡ್ಡಿನ ಆಟ ಅಂದಿರಲ್ಲ, ಅದನ್ನು ಮಾತ್ರ ಒಪ್ಪುತ್ತೇನೆ. ಬೀದಿ ಬೀದಿಯಲ್ಲಿ ಕ್ಲೀನಿಂಗ್ ಕಂಪನಿಯವರು ಕಾಗದ ಹಿಡಿದು ನಿಂತಿರುತ್ತಾರೆ. ಮನೆ ಬಾಗಿಲಲ್ಲಿ ಯಾವುದಕ್ಕೂ ಸಹಿ ಹಾಕಬೇಡಿ. ಕಾಂಟ್ರಾಕ್ಟರುಗಳ ಲೈಸೆನ್ಸ್ ಸರಿಯಿದೆಯಾ ಅಂತ ಕ್ಯಾಲಿಫೋರ್ನಿಯಾ ಸರ್ಕಾರದ ಮಂಡಳಿಯ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಇವರಿಬ್ಬರೇ ಹೋಗುವುದು ಅಂತ ಆಯಿತು, ಯಜಮಾನರು ಮತ್ತೆ ಅವರ ಗೆಳೆಯ. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. ಹೋಮದ ವಿಷಯಕ್ಕೆ ಸ್ವಲ್ಪ ಬೇಜಾರಾದರು, ಮಗುವಿನ ಕೋಣೆ ಅಂದ ತಕ್ಷಣ ಸುಮ್ಮನಾದರು. ಮಾಸ್ಕ್ ಯಾವುದು ಬೇಕು? ಮತ್ತೆ ಗುಡಿಸುವುದು ಬೇಡ ಅಂದರೆ ಸ್ವಚ್ಛ ಮಾಡುವುದು ಹೇಗೆ?

ಹಳೇಸೇತುವೆ

ಬಟ್ಟೆ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಎರಡೂ ಪ್ರಯೋಜನವಿಲ್ಲ. ಕನಿಷ್ಠ ಎನ್-95, ಸಿಕ್ಕರೆ ಪಿ-100. ಇವು ಕಣ ತಡೆಯುತ್ತವೆ, ಅನಿಲ ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಅರೆಮುಖದ ಮಾಸ್ಕ್ ಬೇಕು. ನಿಮ್ಮ ಯಜಮಾನರಿಗೆ ಗಡ್ಡ ಇದ್ದರೆ ತೆಗೆಯಲಿ. ತಮಾಷೆ ಅಲ್ಲ, ಗಡ್ಡದ ಮೇಲೆ ಮಾಸ್ಕ್ ಕೂರುವುದಿಲ್ಲ, ಪಕ್ಕದಿಂದ ಗಾಳಿ ಎಳೆಯುತ್ತದೆ. ತುಂಬುತೋಳು, ಉದ್ದ ಪ್ಯಾಂಟು, ಗ್ಲೌಸ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ. ಚಪ್ಪಲಿಯಲ್ಲಿ ಹೋಗಬೇಡಿ, ದಪ್ಪ ಅಟ್ಟೆಯ ಬೂಟು. ಬರುವಾಗ ಆ ಬಟ್ಟೆ ಅಲ್ಲೇ ಬಿಚ್ಚಿ ಚೀಲಕ್ಕೆ ಹಾಕಿ ಬೇರೆಯಾಗಿ ಒಗೆಯಿರಿ. ಬೂಟು ಕಾರಿನ ಒಳಗೂ ಬರಬಾರದು. ಗೆಳೆಯರ ಮನೆಯಲ್ಲಿದ್ದೀರಿ, ಅವರ ಮಕ್ಕಳೂ ನೆನಪಿರಲಿ.

ಪೊರಕೆ ಮುಟ್ಟಲೇಬಾರದು. ಒಣ ಬೂದಿ ಗುಡಿಸಿದರೆ ನೆಲದಲ್ಲಿದ್ದದ್ದು ಮೂಗಿಗೆ ಬರುತ್ತದೆ. ಸಾಮಾನ್ಯ ವ್ಯಾಕ್ಯೂಮ್ ಕೂಡ ಬೇಡ, ಮುಂದೆ ಎಳೆದು ಹಿಂದಿನಿಂದ ಸಣ್ಣ ಕಣ ಊದುತ್ತದೆ. ಹೆಪಾ ಇದ್ದರೆ ಮಾತ್ರ. ಎಲೆ ಹಾರಿಸುವ ಬ್ಲೋವರ್ ಅಂತೂ 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕೌಂಟಿಯೇ ತಾತ್ಕಾಲಿಕವಾಗಿ ನಿಷೇಧಿಸಿತು. ಬಟ್ಟೆ ಒದ್ದೆ ಮಾಡಿ ಒರೆಸಿ. ಮೇಲಿನಿಂದ ಕೆಳಕ್ಕೆ, ಒಳಕೋಣೆಯಿಂದ ಬಾಗಿಲ ಕಡೆಗೆ. ಒಂದು ಬಟ್ಟೆಯನ್ನೇ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಒರೆಸಿದರೆ ಸೀಸ ಕೋಣೆಯಿಂದ ಕೋಣೆಗೆ ಪ್ರಯಾಣ ಮಾಡುತ್ತದೆ ಅಷ್ಟೇ. ನೀರು, ಬಟ್ಟೆ ಎರಡನ್ನೂ ಬದಲಾಯಿಸುತ್ತಿರಿ. ಹೀಟರ್, ಏಸಿ ಹಾಕಬೇಡಿ. ಕೊಳವೆಯಲ್ಲಿ ಕೂತ ಬೂದಿ ಎಲ್ಲ ಕೋಣೆಗೂ ಹಂಚಿಕೆಯಾಗುತ್ತದೆ. ಕೊಳವೆ ನೋಡಿಸಿ, ಸಣ್ಣ ಕಣ ಹಿಡಿಯುವ ಮರ್ವ್-13 ದರ್ಜೆಯ ಫಿಲ್ಟರ್ ಹಾಕಿಸಿ, ಆಮೇಲೆ ಹಾಕಿ.

ಆದರೆ ಇದೆಲ್ಲ ತೆಳ್ಳಗೆ ಬೂದಿ ಬಿದ್ದ ಮನೆಯ ಮಾತು. ಎದುರು ಸಾಲೇ ಸುಟ್ಟಿರುವಾಗ, ನನ್ನ ಅಭಿಪ್ರಾಯ ಕೇಳಿದರೆ, ನೀವು ಒರೆಸುವ ಮುಂಚೆ ಪರೀಕ್ಷೆ ಮಾಡಿಸಿ.

ನೀಲಿಕೊಡೆ

ಹೌದು, ಪರೀಕ್ಷೆ ಬಗ್ಗೆ ನಾನು ಸೇರಿಸುತ್ತೇನೆ. ನಾನು ಇನ್ಶೂರೆನ್ಸ್ ಕ್ಲೇಮುಗಳ ಕಡೆ ಕೆಲಸ ಮಾಡಿದವಳು.

ಕಂಪನಿ ಕಳಿಸುವವರು ಎಷ್ಟೋ ಸಲ ಮಸಿ, ಕರಕಲು, ಬೂದಿ ಇದೆಯಾ ಅಂತ ಮಾತ್ರ ನೋಡಿ ಹೋಗುತ್ತಾರೆ. ಕಣ್ಣಿಗೆ ಕಾಣುವುದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದುಕೊಡುತ್ತಾರೆ. ಅದು ಸಾಲದು. ಸೀಸಕ್ಕೆ ಬೇರೆ ಪರೀಕ್ಷೆ, ಕಲ್ನಾರಿಗೆ ಬೇರೆ. ಸರ್ಟಿಫೈಡ್ ಇಂಡಸ್ಟ್ರಿಯಲ್ ಹೈಜೀನಿಸ್ಟ್ (ಇಂಥ ವಿಷ ವಸ್ತು ಪತ್ತೆ ಮಾಡುವ ಪರಿಣತರು) ಬಂದು ಕಿಟಕಿ ಪಟ್ಟಿ, ನೆಲ, ಅಟ್ಟ, ಏಸಿ ಕೊಳವೆ ಇಲ್ಲೆಲ್ಲ ಒರೆಸಿ ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ಕ್ಲೀನಿಂಗ್ ಮಾಡುವ ಕಂಪನಿಯವರೇ "ಟೆಸ್ಟೂ ನಾವೇ ಮಾಡ್ತೀವಿ" ಅಂದರೆ ಬೇಡ ಅನ್ನಿ. ಪರೀಕ್ಷೆ ಎರಡು ಸಲ, ಸ್ವಚ್ಛ ಮಾಡುವ ಮುಂಚೆ ಒಂದು, ಆದ ಮೇಲೆ ಇನ್ನೊಂದು. ಖರ್ಚು ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ. ಫೋನಿನಲ್ಲಿ ಮಾತಾಡಿದರೆ ಅದೇ ದಿನ ಇಮೇಲಿನಲ್ಲಿ "ಇವತ್ತು ನೀವು ಹೀಗೆ ಹೇಳಿದಿರಿ" ಅಂತ ಹಾಕಿ.

ಇನ್ನೊಂದು ಬಹಳ ಮುಖ್ಯ. ಮನೆ ಬಿಟ್ಟು ಇರುವ ಖರ್ಚು, ಅಂದರೆ ಬಾಡಿಗೆ, ಹೆಚ್ಚುವರಿ ಊಟದ ಖರ್ಚು, ಪಾಲಿಸಿಯಲ್ಲಿ ಇರುತ್ತದೆ. ತುರ್ತು ಪರಿಸ್ಥಿತಿ ಘೋಷಣೆಯಾದ ಬೆಂಕಿಯಲ್ಲಿ ಪೂರ್ತಿ ಮನೆ ಕಳಕೊಂಡವರಿಗೆ ಕ್ಯಾಲಿಫೋರ್ನಿಯಾ ಕಾನೂನು ಕನಿಷ್ಠ 24 ತಿಂಗಳ ಅವಧಿ ಕೊಡುತ್ತದೆ. ನಿಮ್ಮಂಥ ಉಳಿದ ಮನೆಯವರದ್ದೇ ತಕರಾರು. ಅವಸರಕ್ಕೆ ಹೋಗಿ ನಾಲ್ಕು ರಾತ್ರಿ ಮಲಗಿದಿರಿ ಅಂತ ಇಟ್ಟುಕೊಳ್ಳಿ. ಮನೆ ವಾಸಕ್ಕೆ ಯೋಗ್ಯ ಅಂತ ನೀವೇ ಒಪ್ಪಿಕೊಂಡಿದ್ದೀರಲ್ಲ ಅಂತ ವಾದ ಬರುತ್ತದೆ, ಬಾಡಿಗೆ ಹಣ ನಿಲ್ಲುತ್ತದೆ. ವರದಿ ಕೈಗೆ ಬರುವ ತನಕ ವಾಪಸ್ ಹೋಗಿ ಮಲಗಬೇಡಿ. ಗೆಳೆಯರ ಮನೆಯ ಮುಜುಗರಕ್ಕೆ ಪರಿಹಾರ ಅದೇ ಹಣದಲ್ಲಿ ಒಂದು ಬಾಡಿಗೆ ಮನೆ.

ಕೊಡಚಾದ್ರಿ ಗಾಳಿ

ನೀರಿನ ವಿಷಯಕ್ಕೆ ಯಾರೂ ಬಂದಿಲ್ಲ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆಲ್ಟಡೀನಾಗೆ ನೀರು ಕೊಡುವುದು ಬಹುಪಾಲು ಮೂರು ಸಣ್ಣ ಕಂಪನಿಗಳು. ಲಾಸ್ ಫ್ಲೋರೆಸ್, ರೂಬಿಯೋ ಕ್ಯಾನ್ಯನ್, ಲಿಂಕನ್ ಅವೆನ್ಯೂ. ನಿಮ್ಮದು ಯಾವುದು ಅಂತ ಬಿಲ್ ನೋಡಿ ತಿಳಿದುಕೊಳ್ಳಿ. ಪಕ್ಕದ ಬೀದಿಗೆ ನೀರು ಸರಿಯಾಯಿತು ಅಂದರೆ ನಿಮಗೂ ಆಯಿತು ಅಂತಲ್ಲ.

ಆಗುವುದು ಹೀಗೆ. ನೂರಾರು ಮನೆ ಒಟ್ಟಿಗೆ ಉರಿಯುವಾಗ ಪೈಪುಗಳು ಒಡೆದು ನೀರು ಸೋರುತ್ತದೆ, ಬೆಂಕಿಯವರೂ ಎಳೆಯುತ್ತಾರೆ. ಒತ್ತಡ ಬೀಳುತ್ತದೆ. ಆಗ ಪೈಪು ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಪೈಪು ಕಾದು ಅದರಿಂದಲೂ ರಾಸಾಯನಿಕ ಬಿಡುತ್ತದೆ. ಮುಖ್ಯವಾಗಿ ಬೆಂಜೀನ್, ಇದು ಕ್ಯಾನ್ಸರ್ ತರುವಂಥದ್ದು. ಹಿಂಗಿನ ಪ್ಲಾಸ್ಟಿಕ್ ಡಬ್ಬ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ ಅಲ್ವಾ, ಹಾಗೆ ಪೈಪು ಅದನ್ನು ಹಿಡಿದಿಟ್ಟುಕೊಂಡು ಹೊಸ ನೀರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಇದು ಮೊದಲು ದೊಡ್ಡದಾಗಿ ಬೆಳಕಿಗೆ ಬಂದದ್ದು 2017ರ ಟಬ್ಸ್ ಬೆಂಕಿಯ ನಂತರ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ. ಅಲ್ಲಿ ಒಂದು ಮಾದರಿಯಲ್ಲಿ 40,000 ಪಿಪಿಬಿ (ನೂರು ಕೋಟಿ ಭಾಗ ನೀರಿನಲ್ಲಿ ಅಷ್ಟು ಭಾಗ) ಬೆಂಜೀನ್ ಸಿಕ್ಕಿತು. ಕ್ಯಾಲಿಫೋರ್ನಿಯಾದ ಮಿತಿ 1 ಪಿಪಿಬಿ. 2018ರ ಕ್ಯಾಂಪ್ ಅನ್ನುವ ಹೆಸರಿನ ಕಾಡ್ಗಿಚ್ಚಿನ ನಂತರ ಅದೇ ರಾಜ್ಯದ ಪ್ಯಾರಡೈಸ್ ಊರಿನಲ್ಲಿ 2,000 ದಾಟಿತ್ತು. ಪರ್ಡ್ಯೂ ವಿಶ್ವವಿದ್ಯಾಲಯದ ಆಂಡ್ರ್ಯೂ ವೆಲ್ಟನ್ ತಂಡ ಅಲ್ಲಿಂದ ಇದರ ಹಿಂದೆ ಬಿದ್ದು ಕೆಲಸ ಮಾಡಿದೆ.

ಈಗ ನಮ್ಮವರ ಅಭ್ಯಾಸ. ನೀರು ಕೆಟ್ಟಿದೆ ಅಂದ ತಕ್ಷಣ "ಕಾಯಿಸಿ ಆರಿಸಿ ಕುಡಿಯಿರಿ" ಅನ್ನುತ್ತೇವೆ. ಇಲ್ಲಿ ಅದೇ ಅಪಾಯ. ಕಾಯಿಸಿದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಅಕ್ಕಿ ತೊಳೆಯುವುದಕ್ಕೂ, ಸಾರಿಗೂ, ಮಗನ ಹಲ್ಲುಜ್ಜುವುದಕ್ಕೂ, ಐಸಿಗೂ ಬಾಟಲಿ ನೀರೇ. ಫ್ರಿಜ್ಜಿನ ಫಿಲ್ಟರ್, ಜಗ್ ಫಿಲ್ಟರ್ ನಂಬಬೇಡಿ. ಬಿಸಿನೀರಿನ ಸ್ನಾನ ಕೂಡ ಸದ್ಯಕ್ಕೆ ಅರ್ವೈನ್‌ನಲ್ಲೇ ಮುಗಿಸಿ. ಮನೆಯಲ್ಲಿ ಕೈ ತೊಳೆಯಲೇಬೇಕು ಅಂದರೆ ತಣ್ಣೀರು, ಕಿಟಕಿ ತೆಗೆದು, ಬೇಗ.

ಕಂಪನಿ "ನೀರು ಸರಿಯಾಗಿದೆ" ಅಂದ ದಿನವೂ ನಿಮ್ಮ ಕೆಲಸ ಇರುತ್ತದೆ. ಅವರು ನೋಡುವುದು ಬೀದಿಯ ಪೈಪು. ಮನೆಯ ಒಳಗಿನ ಪೈಪು ನಿಮ್ಮದು. ಮೊದಲು ಎಲ್ಲ ತಣ್ಣೀರು ನಲ್ಲಿ ಬಿಟ್ಟು ಹರಿಸಿ, ಆಮೇಲೆ ಬಿಸಿನೀರು. ವಾಟರ್ ಹೀಟರ್ ಪೂರ್ತಿ ಖಾಲಿ ಮಾಡಿಸಿ. ಹಳೇ ಫಿಲ್ಟರ್, ಫ್ರಿಜ್ಜಿನ ಐಸು ಎಸೆಯಿರಿ. ಆಮೇಲೆ ಒಳಗಿನ ನಲ್ಲಿಯಿಂದ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಿ. ಮಾದರಿ ತೆಗೆಯುವ ಮುಂಚೆ 72 ಗಂಟೆ ನೀರು ಬಳಸದೆ ಪೈಪಿನಲ್ಲೇ ನಿಲ್ಲಿಸಿರಬೇಕು. ಹರಿಯುವ ನೀರು ಹಿಡಿದು ಕೊಟ್ಟರೆ ಪೈಪಿನಿಂದ ಬರುವುದು ಸಿಕ್ಕುವುದೇ ಇಲ್ಲ.

ಬಿಸಿಬೇಳೆ

ನನ್ನದು ಅಡುಗೆಮನೆ ಪ್ರಶ್ನೆ. ಅದೇ ದಿನ ಲಾಸ್ ಏಂಜಲೀಸಿನ ಪಾಲಿಸೇಡ್ಸ್‌ಗೂ ಬೆಂಕಿ ಬಂತಲ್ಲ, ಅಲ್ಲಿ ಕಸಿನ್ ಮನೆ ಉಳಿದಿದೆ. ಕರೆಂಟ್ ಹೋಗಿ ವಾರಗಳಾದವು. ಅಮ್ಮ ಊರಿನಿಂದ ತಂದ ಸಾರಿನಪುಡಿ, ಮಿಡಿ ಉಪ್ಪಿನಕಾಯಿ, ತುಪ್ಪ ಎಲ್ಲ ಇದೆ. ಎಸೆಯೋಕೆ ಮನಸ್ಸಿಲ್ಲ.

ಹಳೇಸೇತುವೆ

ಫ್ರಿಜ್ ಬಾಗಿಲು ತೆಗೆಯಲೇಬೇಡಿ ಅನ್ನಿ. ಸುತ್ತ ಟೇಪ್ ಸುತ್ತಿ ಹಾಗೇ ಹೊರಗೆ ಸಾಗಿಸುವುದು ಒಳ್ಳೆಯದು. ನಾಲ್ಕು ಗಂಟೆ ಕರೆಂಟ್ ಇಲ್ಲದಿದ್ದರೇ ಫ್ರಿಜ್ಜಿನಲ್ಲಿದ್ದದ್ದು ಕೆಡುತ್ತದೆ, ಇದು ವಾರಗಟ್ಟಲೆ.

ಹೊರಗಿದ್ದ ಸಾಮಾನಿನಲ್ಲಿ ಗಾಳಿ ಹೋಗುವಂಥದ್ದೆಲ್ಲ ಕಸಕ್ಕೆ. ಅಕ್ಕಿ ಮೂಟೆ, ರವೆ ಪ್ಯಾಕೆಟ್, ಜಿಪ್ ಕವರಿನ ಸಾರಿನಪುಡಿ, ತಿರುಪು ಮುಚ್ಚಳದ ಬಾಟಲಿಯ ಉಪ್ಪಿನಕಾಯಿ. ಸೀಲ್ ಒಡೆಯದ ತಗಡಿನ ಡಬ್ಬ ಉಬ್ಬಿಲ್ಲದಿದ್ದರೆ, ಬಿಸಿಗೆ ಸಿಕ್ಕಿಲ್ಲದಿದ್ದರೆ ಹೊರಗೆ ತೊಳೆದು ಬಳಸಬಹುದು. ಸ್ಟೀಲು, ಹಿತ್ತಾಳೆ, ಬೆಳ್ಳಿ, ಗಾಜು ಸೋಪು ನೀರಿನಲ್ಲಿ ತೊಳೆದರೆ ಬರುತ್ತದೆ. ಮರದ ಮಣೆ, ಸೌಟು, ಪ್ಲಾಸ್ಟಿಕ್ ಡಬ್ಬ ಬಿಟ್ಟುಬಿಡಿ. ಔಷಧಿ ಬಿಸಿಗೆ ಸಿಕ್ಕಿದ್ದರೆ ಬೇಡ, ಅದರಲ್ಲೂ ಇನ್ಸುಲಿನ್. ಮಿಡಿ ಉಪ್ಪಿನಕಾಯಿಗೆ ಸಂಕಟ ಆಗುತ್ತದೆ, ಗೊತ್ತು. ಎಸೆಯುವ ಮುಂಚೆ ಅದರದ್ದೂ ಫೋಟೋ ತೆಗೆದು ಪಟ್ಟಿಗೆ ಸೇರಿಸಲಿ.

ಉಪ್ಪಿನಂಗಡಿ

ನಾವು ಆಲ್ಟಡೀನಾ ಪಕ್ಕದ ಪಸಡೀನಾದಲ್ಲಿ ಬಾಡಿಗೆ ಮನೆಯವರು, ಎಚ್-1ಬಿ ಕೆಲಸದ ವೀಸಾ. ಮಾಲೀಕರು ಒಂದು ದಿನ ಯಾರನ್ನೋ ಕಳಿಸಿ ಒರೆಸಿ "ರೆಡಿ" ಅಂದರು. ಕಾರ್ಪೆಟ್ ಮೇಲೆ ಕೈಯಾಡಿಸಿದರೆ ಬೆರಳು ಕಪ್ಪು. ಫೆಮಾ (ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ) ನೆರವು ನಮಗೆ ಸಿಗುವುದಿಲ್ಲ ಅನ್ನುತ್ತಾರೆ. ಹೌದಾ?

ನೀಲಿಕೊಡೆ

ಫೆಮಾದ ನಗದು ನೆರವು ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ, ನಿರಾಶ್ರಿತರಂಥ ಕೆಲವು ವರ್ಗದವರಿಗೆ ಮಾತ್ರ. ಎಚ್-1ಬಿ, ಎಫ್-1 (ವಿದ್ಯಾರ್ಥಿ ವೀಸಾ) ಇದ್ದವರಿಗೆ ನೇರವಾಗಿ ಇಲ್ಲ. ಆದರೆ ನಿಮ್ಮ ಮಗು ಇಲ್ಲೇ ಹುಟ್ಟಿದ್ದರೆ ಅದು ಅಮೆರಿಕದ ಪ್ರಜೆ. ಮಗುವಿನ ಹೆಸರಿನಲ್ಲಿ ತಂದೆ ಅಥವಾ ತಾಯಿ ಅರ್ಜಿ ಹಾಕಬಹುದು, ಮಗುವಿನ ಸೋಶಿಯಲ್ ಸೆಕ್ಯೂರಿಟಿ ನಂಬರ್ ಬೇಕು. ಅರ್ಜಿಗೆ ಕೊನೆಯ ದಿನ ಇರುತ್ತದೆ. ತುಂಗಾತೀರ ಅವರೇ, ಇದು ನಿಮಗೂ ಅನ್ವಯಿಸಬಹುದು, ನೋಡಿ. ಆಶ್ರಯ, ಊಟ, ಮಾಸ್ಕ್ ಕಿಟ್, ಕೌನ್ಸೆಲಿಂಗ್ ಇವಕ್ಕೆ ಯಾರೂ ವೀಸಾ ಕೇಳುವುದಿಲ್ಲ.

ಬಾಡಿಗೆದಾರರ ಇನ್ಶೂರೆನ್ಸ್ ಇದ್ದರೆ ಈಗಲೇ ಕ್ಲೇಮ್ ಹಾಕಿ. ಗೋಡೆ, ಕಾರ್ಪೆಟ್ ಮಾಲೀಕರದ್ದು. ನಿಮ್ಮ ಹಾಸಿಗೆ, ಸೀರೆ, ಲ್ಯಾಪ್‌ಟಾಪ್ ನಿಮ್ಮದು. ಮಾಲೀಕರಿಗೆ ಫೋನ್ ಬೇಡ, ಬರೆದು ಕಳಿಸಿ, ಕಪ್ಪಾದ ಬೆರಳಿನ ಫೋಟೋ ಸಮೇತ.

ಕಾಗದ ಪತ್ರ ಸುಟ್ಟವರಿಗೆ ಒಂದು ಮಾತು. ಐ-94 (ದೇಶಕ್ಕೆ ಬಂದ ದಾಖಲೆ) ಆನ್‌ಲೈನಿನಲ್ಲಿ ಮತ್ತೆ ಇಳಿಸಿಕೊಳ್ಳಬಹುದು. ಐ-797 (ವೀಸಾ ಅರ್ಜಿ ಒಪ್ಪಿದ ಪತ್ರ) ಪ್ರತಿ ನೀವು ಕೆಲಸ ಮಾಡುವ ಕಂಪನಿಯ ವಕೀಲರ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ಭಾರತದ ಪಾಸ್‌ಪೋರ್ಟ್ ಹೋಗಿದ್ದರೆ ಪೊಲೀಸ್ ವರದಿ ಮಾಡಿಸಿ ಆಮೇಲೆ ಅರ್ಜಿ.

ಕೊಡಚಾದ್ರಿ ಗಾಳಿ

ಮುಂದಿನ ವಾರ ಜೋರು ಮಳೆ ಅಂತ ಹೇಳುತ್ತಿದ್ದಾರೆ. ಬೆಟ್ಟದ ಬುಡದಲ್ಲಿರುವವರು ದಯವಿಟ್ಟು ಅಸಡ್ಡೆ ಮಾಡಬೇಡಿ. ಸುಟ್ಟ ಬೆಟ್ಟದ ಮಣ್ಣು ನೀರು ಕುಡಿಯುವುದಿಲ್ಲ, ಗಿಡದ ಬೇರೂ ಇಲ್ಲ. ಅರ್ಧ ಗಂಟೆ ಬಿರುಸು ಮಳೆ ಸಾಕು, ಕೆಸರು, ಬಂಡೆ, ಮರದ ದಿಮ್ಮಿ ಎಲ್ಲ ಒಟ್ಟಿಗೆ ಇಳಿಯುತ್ತದೆ. 2017ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಥಾಮಸ್ ಬೆಂಕಿ ಬಂತು. ಬೆಂಕಿ ಪೂರ್ತಿ ಆರುವ ಮುಂಚೆಯೇ, 2018ರ ಜನವರಿ 9ರ ಬೆಳಗಿನ ಜಾವದ ಮಳೆಗೆ ಮಾಂಟೆಸಿಟೋದಲ್ಲಿ 23 ಜನ ಹೋದರು. ಮನೆ ಬಿಡಿ ಅಂತ ಸಂದೇಶ ಬಂದರೆ ಬಿಡಿ, ಮಳೆ ನೋಡಿಕೊಂಡು ಹೊರಡೋಣ ಅಂತ ಕೂರಬೇಡಿ.

ತುಂಗಾತೀರ

ಮಳೆ ಮುಗಿದ ಮೇಲೆ ಬರೆಯುತ್ತಿದ್ದೇನೆ. ನಮ್ಮ ಬೀದಿಯ ತಗ್ಗಿನಲ್ಲಿ ಕೆಸರು ತುಂಬಿದೆ, ಮನೆಗೆ ಏನೂ ಆಗಿಲ್ಲ. ಪಾಲಿಸೇಡ್ಸ್ ಕಡೆ ಸಮುದ್ರದಂಚಿನ ಹೆದ್ದಾರಿಗೇ ಮಣ್ಣು ಇಳಿದು ಬಂದ್ ಆಯಿತಲ್ಲ, ಟಿವಿಯಲ್ಲಿ ನೋಡಿ ಅತ್ತೆ ಗಾಬರಿಯಾದರು. ಈಗ ಅವರೇ ಬಾಡಿಗೆ ಮನೆ ಹುಡುಕು ಅನ್ನುತ್ತಿದ್ದಾರೆ!

ಒರೆಸುವ ಪರೀಕ್ಷೆಯ ವರದಿ ಬಂತು. ಮಗನ ಕೋಣೆಯ ಕಿಟಕಿ ಪಟ್ಟಿಯಲ್ಲಿ ಸೀಸ ಇದೆ, ಅಟ್ಟದಲ್ಲೂ ಇದೆ. ಇನ್ಶೂರೆನ್ಸಿನವರು ಮೊದಲು "ಸಾಮಾನ್ಯ ಕ್ಲೀನಿಂಗ್ ಸಾಕು" ಅಂದಿದ್ದರು. ವರದಿ ಕಳಿಸಿದ ಮೇಲೆ ಅಟ್ಟದ ಇನ್ಸುಲೇಷನ್ ಬದಲಾಯಿಸುವುದಕ್ಕೆ ಒಪ್ಪಿದ್ದಾರೆ. ಹಾಸಿಗೆಯದ್ದು ಇನ್ನೂ ಜಗಳ ನಡೆಯುತ್ತಿದೆ. ಯಾವಾಗ ಕ್ಲೀನಿಂಗ್ ಶುರು ಮಾಡಿಸಲಿ?

ಹಳೇಸೇತುವೆ

ಎದುರು ಸಾಲಿನ ಅವಶೇಷ ತೆಗೆದ ಮೇಲೆ. ಇಪಿಎ (ಕೇಂದ್ರದ ಪರಿಸರ ಸಂಸ್ಥೆ) ತಂಡ ಬ್ಯಾಟರಿ, ಸಿಲಿಂಡರ್, ಬಣ್ಣದ ಡಬ್ಬ ತೆಗೆದು ಮುಗಿಸಿದ ಮೇಲೆ ಸೈನ್ಯದ ಎಂಜಿನಿಯರ್ ವಿಭಾಗ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವರು ಮಿಕ್ಕದ್ದನ್ನು ಎತ್ತುತ್ತಾರೆ. ನೀರು ಚಿಮುಕಿಸಿಕೊಂಡೇ ಎತ್ತಿದರೂ ಧೂಳು ಏಳುತ್ತದೆ. ಸಾವಿರಾರು ಡಾಲರ್ ಕೊಟ್ಟು ತೊಳೆಸಿದ ಮನೆಗೆ ಮತ್ತೆ ಅದೇ ಬೂದಿ ಬಂದು ಕೂತರೆ ಇನ್ಶೂರೆನ್ಸಿನವರು ಎರಡನೇ ಸಲ ಕೊಡುವುದಿಲ್ಲ. ಕಾಯಲೇಬೇಕಾಗಿಲ್ಲದ ಕೆಲಸ ಒಂದಿದೆ. ಇನ್ಸುಲೇಷನ್ ತೆಗೆಸಿಬಿಡಿ, ಹೊಸದನ್ನು ಆಮೇಲೆ ಹಾಕಿಸಿ.

ಮಗನಿಗೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಅವನು ಮನೆಗೆ ಹೋಗಿಲ್ಲ, ಆದರೂ ಒಂದು ಸಲ ನೋಡಿಸಿಟ್ಟರೆ ಮುಂದೆ ಹೋಲಿಸುವುದಕ್ಕೆ ಆಗುತ್ತದೆ. ಡಾಕ್ಟರನ್ನು ನೇರವಾಗಿ ಕೇಳಿ.

ಬಿಸಿಬೇಳೆ

ಹಿತ್ತಲಿನ ಕರಿಬೇವಿನ ಗಿಡ, ನಿಂಬೆ ಗಿಡ ಏನು ಮಾಡುವುದು? ಕಸಿನ್ ಕೇಳುತ್ತಿದ್ದಾಳೆ. ಗಿಡ ಚಿಗುರಿದೆಯಂತೆ.

ಕೊಡಚಾದ್ರಿ ಗಾಳಿ

ನಿಂಬೆಹಣ್ಣು ಸಿಪ್ಪೆ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ರಸ ಬಳಸಬಹುದು. ಕರಿಬೇವು ಎಲೆಯನ್ನೇ ತಿನ್ನುವುದು, ಅದರ ಮೇಲೆ ಬೂದಿ ಕೂತಿತ್ತು. ಹಳೇ ಎಲೆ ಎಲ್ಲ ಸವರಿ ಕಸಕ್ಕೆ ಹಾಕಲಿ. ಕುಂಡದಲ್ಲಿದ್ದರೆ ಮೇಲಿನ ಮಣ್ಣು ತೆಗೆದು ಹೊಸದು ಹಾಕಿ, ಹೊಸ ಚಿಗುರು ಬಲಿತ ಮೇಲೆ ಬಳಸಲಿ. ನೆಲದಲ್ಲಿದ್ದರೆ ಮಣ್ಣು ಪರೀಕ್ಷೆ ಆಗುವ ತನಕ ಒಗ್ಗರಣೆಗೆ ಅಂಗಡಿ ಕರಿಬೇವೇ. ಪುದೀನ, ಕೊತ್ತಂಬರಿ, ಮೂಲಂಗಿ ಇವೂ ಬೇಡ.

ತುಂಗಾತೀರ

ಮತ್ತೆ ಬಂದೆ, 2025ರ ಮೇ ತಿಂಗಳು. ಎದುರು ಸಾಲು ಈಗ ಖಾಲಿ ನಿವೇಶನಗಳು. ಮನೆ ಒಳಗಿನ ಕ್ಲೀನಿಂಗ್ ಆಯಿತು, ಎರಡನೇ ಪರೀಕ್ಷೆಯಲ್ಲಿ ಒಂದು ಕೋಣೆ ಬಿಟ್ಟು ಮಿಕ್ಕದ್ದೆಲ್ಲ ಸರಿಯಿದೆ. ಆ ಕೋಣೆ ಮತ್ತೆ ಮಾಡಿಸುತ್ತಿದ್ದೇವೆ. ಅತ್ತೆ ಊರಿಗೆ ಹೋದರು. ಹೋಗುವ ಮುಂಚೆ ಬಾಡಿಗೆ ಮನೆಯಲ್ಲೇ ಗಣಹೋಮ ಮಾಡಿಸಿದರು.

ಮಣ್ಣಿನದ್ದು ಈಗ ತಲೆಬಿಸಿ. ಸರ್ಕಾರದವರು ಅವಶೇಷದ ಜೊತೆ ಆರಿಂಚು ಮಣ್ಣು ತೆಗೆದು ಹೋಗುತ್ತಾರೆ, ಆಮೇಲೆ ಪರೀಕ್ಷೆ ಮಾಡುವುದಿಲ್ಲ ಅಂತ ಎಲ್ಲರೂ ಬೈಯುತ್ತಿದ್ದಾರೆ. ನಮ್ಮಂಥ ಉಳಿದ ಮನೆಯ ಅಂಗಳ ಮುಟ್ಟೇ ಇಲ್ಲ. ಕೌಂಟಿಯ ಪರೀಕ್ಷೆಯಲ್ಲಿ ಆಲ್ಟಡೀನಾದ ಕೆಲವು ಕಡೆ ಸೀಸ ಮಿತಿಗಿಂತ ಜಾಸ್ತಿ ಬಂದಿದೆಯಂತೆ. ಮಿತಿ ಎಷ್ಟು? ನಾವೇ ಮಣ್ಣು ಕೊಡಬಹುದಾ?

ಕೊಡಚಾದ್ರಿ ಗಾಳಿ

ವಾಸದ ಜಾಗಕ್ಕೆ ಕ್ಯಾಲಿಫೋರ್ನಿಯಾದ ಮಿತಿ 80 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಮಣ್ಣಿನಲ್ಲಿ 80 ಭಾಗ ಸೀಸ. ಕೊಡಬಹುದು. ಈಟನ್ ಬೆಂಕಿ ಪ್ರದೇಶದವರಿಗೆ ಈ 2025ರಲ್ಲಿ ಕೌಂಟಿಯವರೇ ಸೀಸದ ಪರೀಕ್ಷೆ ಪುಕ್ಕಟೆ ಮಾಡಿಕೊಡುತ್ತಿದ್ದಾರೆ. ಸೀಸ ಮಾತ್ರ, ಆರ್ಸೆನಿಕ್‌ನಂಥವು ಬೇಕಾದರೆ ಹೊರಗೆ ದುಡ್ಡು ಕೊಟ್ಟು ಮಾಡಿಸಿ. ಅಕ್ಕಪಕ್ಕದವರು ಮಾಡಿಸಿದ ಮನೆಯೊಳಗಿನ ವರದಿಗಳನ್ನು ಈಟನ್ ಫೈರ್ ರೆಸಿಡೆಂಟ್ಸ್ ಯುನೈಟೆಡ್ ಅನ್ನುವ ನಿವಾಸಿಗಳ ಗುಂಪು ಒಟ್ಟು ಮಾಡುತ್ತಿದೆ. ನಿಮ್ಮದನ್ನೂ ಕೊಡಿ, ಅವರದ್ದನ್ನೂ ನೋಡಿ.

ತುಂಗಾತೀರ

ಮಾದರಿ ಎಲ್ಲಿಂದ ತೆಗೆಯಲಿ? ಅಂಗಳದ ಮಧ್ಯದಿಂದ ಒಂದು ಹಿಡಿ ಸಾಕಾ?

ಕೊಡಚಾದ್ರಿ ಗಾಳಿ

ಸಾಲದು. ಸೂರಿನ ನೀರು ಬೀಳುವ ಕಡೆಯಿಂದ ಒಂದು, ಮಗ ಆಡುವ ಜಾಗದಿಂದ ಒಂದು, ತರಕಾರಿ ಪಾತಿ ಇದ್ದರೆ ಅಲ್ಲಿಂದ ಇನ್ನೊಂದು. ಮೇಲಿನ ಒಂದೆರಡು ಇಂಚು ಮಾತ್ರ, ಆಳಕ್ಕೆ ಅಗೆಯಬೇಡಿ. ಮೂರನ್ನೂ ಬೆರೆಸದೆ ಬೇರೆ ಬೇರೆ ಜಿಪ್ ಚೀಲದಲ್ಲಿ ಹಾಕಿ, ಮೇಲೆ ಜಾಗದ ಹೆಸರು ಬರೆಯಿರಿ. ಗ್ಲೌಸ್ ಹಾಕಿಕೊಳ್ಳಿ.